ಹೆಗಲಿಗೇರಿದ ತಾಳ

ಜಮಖಂಡಿಯಲ್ಲಿ ಶ್ರಾವಣದ ಸಂಜೆ. ಮಧ್ಯಾಹ್ನ ಒಂದು ಸುತ್ತು ಸುರಿದ ಮಳೆ ನಿಂತಿದೆ. ಶಾಲೆಯ ಬಯಲಿನ ಮಣ್ಣು ಕಾಲಿಗೆ ಮೆತ್ತಿಕೊಳ್ಳುತ್ತಿದೆ. ಸ್ವಾತಂತ್ರ್ಯ ದಿನ ಹತ್ತಿರ ಬಂತು. ಪಡಸಾಲೆಯ ಗೋಡೆಗುಂಟ ಸೈಡ್ ಡ್ರಮ್ಮುಗಳು ಸಾಲಾಗಿ ಕೂತಿವೆ. ಅವುಗಳ ಪಕ್ಕ ಹೊಟ್ಟೆ ಉಬ್ಬಿದ ಒಂದು ಬೇಸ್ ಡ್ರಮ್, ಬಟ್ಟೆ ಸುತ್ತಿಟ್ಟ ಒಂದು ಜೊತೆ ಝಾಂಜ್. ಹುಡುಗರು, ಹುಡುಗಿಯರು ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ಎಲ್ಲರ ಕಣ್ಣೂ ಡ್ರಮ್ಮಿನ ಮೇಲೆ. ಆದರೆ ಕೋಲುಗಳೆಲ್ಲ ಮಾಸ್ತರ ತೊಡೆಯ ಮೇಲಿವೆ.

“ಮೊದಲ ಬಾಯಾಗ ಬರ್ಲಿ. ಬಾಯಾಗ ಬಂದದ್ದು ಕೈಯಾಗ ತಾನ ಬರತೈತಿ,” ಅನ್ನುತ್ತಾರೆ ಮಾಸ್ತರು.

ಕೈ ತಟ್ಟಿ ಶುರು ಮಾಡುತ್ತಾರೆ. ಧಾ ಧಿನ್ ಧಿನ್ ಧಾ, ಧಾ ಧಿನ್ ಧಿನ್ ಧಾ, ಧಾ ತಿನ್ ತಿನ್ ತಾ, ತಾ ಧಿನ್ ಧಿನ್ ಧಾ. ಹದಿನಾರು ಮಾತ್ರೆಯ ತೀನ್‌ತಾಲ್. ಒಂದು, ಐದು, ಹದಿಮೂರನೇ ಮಾತ್ರೆಗೆ ಚಪ್ಪಾಳೆ. ಒಂಬತ್ತಕ್ಕೆ ಕೈ ಬೀಸಿ ಖಾಲಿ. ಮಕ್ಕಳು ಮೊದಲು ನಾಚಿ ಗುನುಗುತ್ತಾರೆ, ಆಮೇಲೆ ದನಿ ಏರುತ್ತದೆ. ಮೂರನೇ ಸಾಲಿನ ಹುಡುಗನೊಬ್ಬನಿಗೆ ತಡೆಯಲಾಗುವುದಿಲ್ಲ.

“ಸರ್, ಇದು ತಬಲಾದ್ದಲ್ರೀ? ನಾವು ಡ್ರಮ್ ಕಲಿಯಾಕ ಬಂದೀವ್ರಿ.”

“ತಾಳಕ್ಕ ಯಾವ ವಾದ್ಯದ ಹಂಗೂ ಇಲ್ಲೋ ತಮ್ಮಾ. ನೀ ಬಾಯಿ ಬಿಟ್ಟು ಹೇಳು.”

ಕತ್ತಲಾಗುವವರೆಗೂ ಒಂದೇ ಒಂದು ಡ್ರಮ್ ಸದ್ದು ಮಾಡುವುದಿಲ್ಲ. ಬಯಲಿನ ತುಂಬ ಬಾಯಿಂದ ಹುಟ್ಟಿದ ತಾಳ ಮಾತ್ರ. ತಬಲಾ ಕಲಿತ ಒಬ್ಬ ಮಾಸ್ತರು ಶಾಲೆಯ ಬ್ಯಾಂಡ್ ಸೆಟ್ಟಿಗೆ ಕೈ ಹಚ್ಚಿದರೆ ಪಾಠ ಶುರುವಾಗುವುದು ಹೀಗೆ. ಉತ್ತರದ ಘರಾಣೆಗಳ ಕಾಯದಾ, ರೇಲಾ, ತಿಹಾಯಿಗಳು ಹೆಗಲಿಗೆ ತೂಗುಬಿಟ್ಟ ಡ್ರಮ್ಮಿಗೆ ಇಳಿಯುವ ಮೊದಲ ಮೆಟ್ಟಿಲು ನಾಲಿಗೆ.

ಕೋಲು ಕೈಗೆ ಬಂದಾಗ ಇನ್ನೊಂದು ಪಾಠ. ಸೈಡ್ ಡ್ರಮ್ ಪಟ್ಟಿಯಲ್ಲಿ ತೂಗಿ ಎಡತೊಡೆಯ ಕಡೆ ವಾಲಿಕೊಂಡು ನಿಲ್ಲುವ ವಾದ್ಯ. ಅದಕ್ಕೇ ಬಲಗೈ ಕೋಲನ್ನು ಮೇಲಿನಿಂದ ಹಿಡಿದರೆ, ಎಡಗೈ ಅಂಗೈ ಮೇಲೆ ಮಾಡಿ, ಹೆಬ್ಬೆರಳ ಸಂದಿಯಲ್ಲಿ ಕೋಲು ಸಿಗಿಸಿ, ಬೆರಳ ನಡುವೆ ಆಡಿಸಬೇಕು. ಕೆಳಗಿನ ಮುಖಕ್ಕೆ ತಾಗಿಕೊಂಡ ತಂತಿಗಳು ಪ್ರತಿ ಹೊಡೆತಕ್ಕೂ ಝರ್ ಎಂದು ಉತ್ತರಿಸುತ್ತವೆ. ತಬಲಾದ ಹಾಗೆ ಇಲ್ಲಿ ಬೆರಳಿನ ತುದಿಗೆ ಕೆಲಸವಿಲ್ಲ, ಕರಣೆಯ ನಾದವಿಲ್ಲ, ಎಡಗೈಯ ಡಗ್ಗಾದ ಮೇಲೆ ಅಂಗೈ ಒತ್ತಿ ಎಳೆಯುವ ಮೀಂಡವಿಲ್ಲ. ಹಾಗಾದರೆ ಧಾ ಎಲ್ಲಿಂದ ಬರಬೇಕು? ಇಬ್ಬರು ಕೂಡಿದರೆ ಬರುತ್ತದೆ. ಸೈಡ್ ಡ್ರಮ್ಮಿನವನು ನಡುವಿಗೆ ಹೊಡೆದ ಗಳಿಗೆಗೇ ಬೇಸ್ ಡ್ರಮ್ಮಿನವನೂ ಹೊಡೆದರೆ ಅದು ಧಾ. ಸೈಡ್ ಡ್ರಮ್ ಒಂದೇ ನುಡಿದರೆ ತಾ. ಬಲ ಎಡ ಬಿಡದೆ ಆಡಿದರೆ ತಿಟ. ಮುಖ್ಯ ಹೊಡೆತಕ್ಕೆ ಅಂಟಿದಂತೆ ಇನ್ನೊಂದು ಕೋಲು ಕೂದಲೆಳೆ ಮುಂಚೆ ತಾಗಿದರೆ ಕ್ಡಾ. ಎರಡೂ ಕೋಲು ಪುಟಿದು ಹರಿದರೆ ಧಿರಧಿರ. ತಬಲಾದಲ್ಲಿ ಒಬ್ಬನ ಎರಡು ಕೈ ಮಾಡುವ ಕೆಲಸವನ್ನು ಇಲ್ಲಿ ಇಬ್ಬರು ಹಂಚಿಕೊಳ್ಳುತ್ತಾರೆ. ಒಬ್ಬನ ಕಿವಿ ಇನ್ನೊಬ್ಬನ ಕೈಯ ಮೇಲಿರದಿದ್ದರೆ ಧಾ ಒಡೆದು ಎರಡಾಗುತ್ತದೆ.

ದಿಲ್ಲಿ ಘರಾಣೆಯ ಹೆಸರಾಂತ ಕಾಯದಾ ಒಂದನ್ನು ಮಾಸ್ತರು ಹಲಗೆಯ ಮೇಲೆ ಬರೆಯುತ್ತಾರೆ. ಮೇಲಿನ ಸಾಲು: ಧಾ ಧಾ ತಿ ಟ ಧಾ ಧಾ ತಿನ್ ನಾ. ಕೆಳಗಿನ ಸಾಲು: ತಾ ತಾ ತಿ ಟ ಧಾ ಧಾ ಧಿನ್ ನಾ. ತಬಲಾ ಕಲಿಯುವ ಮಗು ಮೊದಲು ಬಾಯಿಪಾಠ ಮಾಡುವ ಕಾಯದಾಗಳಲ್ಲಿ ಇದೂ ಒಂದು. ಸೈಡ್ ಡ್ರಮ್ಮಿನವರಿಗೆ ಎರಡೂ ಸಾಲು ಒಂದೇ ಥರ ಕಾಣುತ್ತವೆ. ಕೈ ಅದೇ, ಕೋಲು ಅದೇ. ಫರಕು ಇರುವುದು ಬೇಸ್ ಡ್ರಮ್ಮಿನಲ್ಲಿ. ಎರಡನೇ ಸಾಲಿನ ಮೊದಲಿಗೆ ಬೇಸ್ ಡ್ರಮ್ಮಿನವನು ಕೈ ತಡೆಯಬೇಕು, ತಾ ತಾ ತಿಟ ಮುಗಿಯುವ ತನಕ ಸುಮ್ಮನಿರಬೇಕು. ಇಡೀ ಬ್ಯಾಂಡಿನಲ್ಲಿ ದೊಡ್ಡ ವಾದ್ಯ ಹೊತ್ತವನಿಗೆ ಹೊಡೆಯುವುದಕ್ಕಿಂತ ಹೊಡೆಯದೇ ಇರುವುದು ಕಷ್ಟದ ಕಲಿಕೆ. ತೀನ್‌ತಾಲದ ಠೇಕಾದಲ್ಲೂ ಹತ್ತರಿಂದ ಹದಿಮೂರನೇ ಮಾತ್ರೆಯವರೆಗೆ ಡಗ್ಗಾ ಬಾಯಿ ಮುಚ್ಚುತ್ತದೆ. ಆ ನಾಲ್ಕು ಮಾತ್ರೆ ಬೇಸ್ ಡ್ರಮ್ ನಿಂತು, ಹದಿನಾಲ್ಕಕ್ಕೆ ಧಿನ್ ಎಂದು ಮರಳಿದಾಗ ಸಾಲಿನಲ್ಲಿ ನಿಂತ ಎಲ್ಲರ ಬೆನ್ನೂ ನೆಟ್ಟಗಾಗುತ್ತದೆ. ತಾಳ ತನ್ನ ಮನೆಗೆ ಹೊರಟಿದೆ ಎಂದು ಪುಸ್ತಕ ಓದದ ಮಗುವಿಗೂ ಗೊತ್ತಾಗುತ್ತದೆ.

ಆಮೇಲೆ ತಿಹಾಯಿ. ತಿಟಕತ ಗದಿಗನ ಧಾ, ತಿಟಕತ ಗದಿಗನ ಧಾ, ತಿಟಕತ ಗದಿಗನ ಧಾ. ಒಂದೇ ತುಣುಕು ಮೂರು ಸಲ. ಮೂರನೆಯ ಧಾ ಸಮ್ಮಿನ, ಅಂದರೆ ಆವರ್ತನದ ಮೊದಲ ಮಾತ್ರೆಯ ಮೇಲೆ ಬಂದು ಕೂಡಬೇಕು. ಲೆಕ್ಕವನ್ನು ಮಕ್ಕಳೇ ಬೆರಳ ಗೆರೆಯ ಮೇಲೆ ಮಾಡುತ್ತಾರೆ. ತಿಟಕತ ಗದಿಗನಕ್ಕೆ ಎರಡು ಮಾತ್ರೆ, ಧಾಕ್ಕೆ ಒಂದು. ಒಂಬತ್ತನೇ ಮಾತ್ರೆ, ಅಂದರೆ ಖಾಲಿಯಿಂದ ಹಿಡಿದರೆ ಹನ್ನೊಂದಕ್ಕೆ ಮೊದಲ ಧಾ, ಹದಿನಾಲ್ಕಕ್ಕೆ ಎರಡನೆಯದು. ಹದಿನೈದು, ಹದಿನಾರು ಮುಗಿದು ಮೂರನೆಯ ಧಾ ಹೊಸ ಆವರ್ತನದ ಸಮ್ಮಿಗೆ. ಒಂದು ಮಾತ್ರೆ ಹಿಂದೆ ಮುಂದೆ ಆದರೆ ಮೂರೂ ಕೆಡುತ್ತವೆ. ಕೂತು ನುಡಿಸುವವನಿಗೆ ಇದು ಕೈಯ ಲೆಕ್ಕ. ನಡೆಯುತ್ತ ನುಡಿಸುವವನಿಗೆ ಕಾಲಿನ ಲೆಕ್ಕವೂ ಹೌದು. ಸಮ್ ಬಂದಾಗ ಎಡಗಾಲು ನೆಲ ಮುಟ್ಟಿರಬೇಕು.

ಹೆಜ್ಜೆಗೂ ತಾಳಕ್ಕೂ ಇರುವ ಈ ನಂಟು ಬೀದಿಯ ವಾದಕನ ದೊಡ್ಡ ವಿದ್ಯೆ. ಕವಾಯತಿನಲ್ಲಿ ಬೇಸ್ ಡ್ರಮ್ಮಿನ ಪೆಟ್ಟು ಬೀಳುವುದು ಎಡಗಾಲಿಗೆ. ಕೆಹರವಾದ ಎಂಟು ಮಾತ್ರೆ ನಾಲ್ಕು ಹೆಜ್ಜೆಗೆ ಸಲೀಸಾಗಿ ಕೂರುತ್ತದೆ. ದಾದ್ರಾದ ಆರು ಮಾತ್ರೆಯನ್ನು ಮೂರು ಮೂರಾಗಿ ಒಡೆದರೆ ಎಡಕ್ಕೊಂದು, ಬಲಕ್ಕೊಂದು ಹೆಜ್ಜೆ. ಮೈ ಸ್ವಲ್ಪ ತೂಗುತ್ತದೆ, ಸಾಲು ಕೆಡುವುದಿಲ್ಲ. ತೀನ್‌ತಾಲ್ ಹದಿನಾರಾದ್ದರಿಂದ ತಕರಾರಿಲ್ಲ. ಝಪತಾಲದ ಹತ್ತು ಮಾತ್ರೆಯೂ ಸರಿಸಂಖ್ಯೆ, ಸಮ್ ಪ್ರತಿ ಸಲ ಅದೇ ಕಾಲಿಗೆ ಬರುತ್ತದೆ. ರೂಪಕದ ಏಳು ಮಾತ್ರೆಗೆ ಬಂದಾಗ ಆಟ ಬೇರೆ. ಮಾತ್ರೆಗೊಂದು ಹೆಜ್ಜೆ ಇಟ್ಟರೆ ಮೊದಲ ಆವರ್ತನದ ಸಮ್ ಎಡಗಾಲಿಗೆ, ಮುಂದಿನದು ಬಲಗಾಲಿಗೆ. ಎರಡು ಆವರ್ತನ ಮುಗಿದು ಹದಿನಾಲ್ಕು ಹೆಜ್ಜೆ ಆದ ಮೇಲೆಯೇ ಸಮ್ ಮತ್ತೆ ಎಡಗಾಲಿಗೆ ಬರುವುದು. ಮಕ್ಕಳು ಬಯಲಿನಲ್ಲಿ ರೂಪಕ ನಡೆಯುವುದನ್ನು ನೋಡಬೇಕು. ತುಟಿ ತಿನ್ ತಿನ್ ನಾ ಅನ್ನುತ್ತಿರುತ್ತದೆ, ಕಣ್ಣು ಮುಂದಿನವನ ಹಿಮ್ಮಡಿಯ ಮೇಲಿರುತ್ತದೆ. ಒಂದು ಸಲ ಕಾಲಿಗೆ ಹತ್ತಿದರೆ ಸಾಕು, ಆ ತಾಳ ಜನ್ಮಕ್ಕೆ ಮರೆಯುವುದಿಲ್ಲ.

ಉತ್ತರ ಹಿಂದೂಸ್ತಾನದ ಈ ಬೋಲುಗಳು ಕೃಷ್ಣೆ, ಘಟಪ್ರಭೆಯ ನಡುವಿನ ಈ ನೆಲದಲ್ಲಿ ಪರಕೀಯವಾಗಿ ಕೇಳುವುದಿಲ್ಲ. ಅದಕ್ಕೆ ಚರಿತ್ರೆಯ ಕಾರಣವಿದೆ. ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರ ಸಂಸ್ಥಾನ. 1948ರಲ್ಲಿ ಎರಡೂ ಮುಂಬಯಿ ಪ್ರಾಂತದಲ್ಲಿ ಸೇರಿದವು, 1956ರಲ್ಲಿ ಕನ್ನಡ ರಾಜ್ಯಕ್ಕೆ ಬಂದವು. ಪಟವರ್ಧನರ ಬೇರೆ ಶಾಖೆಗಳು ಆಳುತ್ತಿದ್ದ ಮಿರಜ್, ಕುರುಂದವಾಡ ಇಲ್ಲಿಂದ ದೂರವೇನಲ್ಲ. ಕುರುಂದವಾಡದಲ್ಲಿ ಹುಟ್ಟಿ, ಮಿರಜಿನಲ್ಲಿ ಬಾಳಕೃಷ್ಣಬುವಾ ಇಚಲಕರಂಜೀಕರರ ಹತ್ತಿರ ಕಲಿತ ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದರು. ಸಂಗೀತವನ್ನು ಬರೆದು ಕಲಿಸುವ, ಸಾಲಾಗಿ ಕೂಡಿಸಿ ಕಲಿಸುವ ದಾರಿಯನ್ನು ಅವರು ಗಟ್ಟಿ ಮಾಡಿದರು. ಅದೇ ಮಿರಜಿನಲ್ಲಿ ಅಬ್ದುಲ್ ಕರೀಂ ಖಾನರು ನೆಲೆಸಿದ್ದರು. ಮರಾಠಿ ಸಂಗೀತ ನಾಟಕಗಳು ಈ ಊರುಗಳಿಗೆ ಬಂದವು, ಕನ್ನಡದ ಕಂಪನಿ ನಾಟಕಗಳು ಅದೇ ಧಾಟಿಯಲ್ಲಿ ಬೆಳೆದವು. ಲೋಕಾಪುರದ ಸುತ್ತಿನ ಶ್ರೀಕೃಷ್ಣ ಪಾರಿಜಾತದ ಮೇಳಗಳಲ್ಲಿ ಹಾರ್ಮೋನಿಯಂ, ತಬಲಾ ಇಲ್ಲದೆ ಗೊಲ್ಲತಿ ರಂಗಕ್ಕೆ ಬರುವುದಿಲ್ಲ. ಮಠಗಳಲ್ಲಿ, ಹನುಮಪ್ಪನ ಗುಡಿಗಳಲ್ಲಿ ಶನಿವಾರ, ಸೋಮವಾರ ನಡೆಯುವ ಭಜನೆಗಳಿಗೆ ಕೆಹರವಾ, ಭಜನಿ ಠೇಕಾಗಳೇ ಆಸರೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು ಊರೂರಿಗೆ ಹೋಗಿ ಗವಾಯಿಗಳಾದರು, ತಬಲಾ ಮಾಸ್ತರಾದರು. ಹೀಗಾಗಿ ಇಲ್ಲಿಯ ಕೂಸಿನ ಕಿವಿಗೆ ಧಾ ಧಿನ್ ಧಿನ್ ಧಾ ಹೊಸದಲ್ಲ. ಅದನ್ನು ಹೆಗಲಿಗೆ ಏರಿಸಿಕೊಂಡು ಬೀದಿಗೆ ಒಯ್ಯುವುದೂ ಹೊಸದಲ್ಲ. ಬ್ಯಾಂಡ್ ಸೆಟ್ಟು ಬರುವುದಕ್ಕೆ ಬಹಳ ಮೊದಲೇ ಇಲ್ಲಿ ಕರಡಿ ಎಂಬ ವಾದ್ಯ ನಡೆಯುತ್ತಿತ್ತು.

ಕರಡಿ ಮಜಲನ್ನು ನೋಡಲು ಬೀಳಗಿ ಸೀಮೆಗೆ ಹೋಗೋಣ. ಆಲಮಟ್ಟಿಯ ಹಿನ್ನೀರು ಬಂದಾಗ ಈ ತಾಲೂಕಿನ ಎಷ್ಟೋ ಹಳ್ಳಿಗಳು ಎದ್ದು ಪುನರ್ವಸತಿ ಕೇಂದ್ರಗಳಿಗೆ ಹೋದವು. ದೇವರ ಜೊತೆ ಪಲ್ಲಕ್ಕಿಯ ಹಾದಿಯೂ ಬದಲಾಯಿತು. ವಾದ್ಯ ಮಾತ್ರ ಜೊತೆಗೇ ಬಂತು. ಪಲ್ಲಕ್ಕಿಯ ಮುಂದೆ ಕರಡಿಯವರು ಎದುರುಬದುರಾಗಿ ನಿಲ್ಲುತ್ತಾರೆ. ಎರಡೂ ಬದಿ ಚರ್ಮ ಬಿಗಿದ ಕರಡಿ ಹೊಟ್ಟೆಯ ಮುಂದೆ ತೂಗುತ್ತಿರುತ್ತದೆ. ತಲೆಗೆ ರುಮಾಲು, ಮೈಗೆ ಬಿಳಿ ಅಂಗಿ, ಧೋತರ. ಪಕ್ಕದಲ್ಲಿ ಸನಾದಿಯವರು, ಒಬ್ಬ ರಾಗ ಹಿಡಿದರೆ ಇನ್ನೊಬ್ಬ ಸೂರು ಬಿಡದೆ ಊದುತ್ತಾನೆ. ತಾಳದವರ ಕೈಯಲ್ಲಿ ಮೂರು ಇಂಚಿನಿಂದ ಒಂದು ಅಡಿಯವರೆಗೂ ಬೇರೆ ಬೇರೆ ಅಳತೆಯ ತಾಳಗಳು. ಮೊದಲಿಗೆ ವಿಲಂಬಿತ. ಸನಾದಿ ರಾಗದ ಒಂದು ಎಳೆಯನ್ನು ಉದ್ದಕ್ಕೆ ಎಳೆಯುತ್ತದೆ, ಕರಡಿ ಅಲ್ಲಲ್ಲಿ ಒಂದು ಪೆಟ್ಟು ಇಟ್ಟು ಕಾಯುತ್ತದೆ. ಮೇಳ ನಾಲ್ಕು ಹೆಜ್ಜೆ ಮುಂದೆ ಬಂದು ನಿಲ್ಲುತ್ತದೆ. ಮತ್ತೆ ನಾಲ್ಕು ಹೆಜ್ಜೆ. ಲಯ ದುಪ್ಪಟ್ಟಾಗುತ್ತದೆ. ಸನಾದಿಯವನ ಗಲ್ಲ ಉಬ್ಬಿ, ಮೂಗಿನಿಂದ ಎಳೆದ ಉಸಿರು ನಾದ ತುಂಡಾಗದಂತೆ ಹೊರಗೆ ಹರಿಯುತ್ತದೆ. ಕರಡಿಯವನು ಮಂಡಿ ಬಗ್ಗಿಸಿ, ಎದ್ದು, ಸುತ್ತು ತಿರುಗಿ, ವಾದ್ಯವನ್ನು ಎತ್ತಿ ಇಳಿಸಿ ಬಾರಿಸುತ್ತಾನೆ. ಮೂರು ಸಲ ಅದೇ ತುಣುಕು ಬಂದು ಮೂರನೆಯದಕ್ಕೆ ಎಲ್ಲರೂ ಒಮ್ಮೆಲೇ ನಿಂತಾಗ ನೆರೆದ ಜನ “ಭಲೇ!” ಅನ್ನುತ್ತಾರೆ. ಅದು ತಿಹಾಯಿ ಎಂದು ಯಾರೂ ಅವರಿಗೆ ಹೇಳಿಕೊಟ್ಟಿಲ್ಲ. ತಲೆಮಾರಿನಿಂದ ಕೇಳಿ ಕೇಳಿ ಕಿವಿ ಪಳಗಿದೆ.

ಬೀಳಗಿಗೆ ಸನಾದಿಯ ಊರೆಂಬ ಹೆಸರು ಬಂದದ್ದು ಅಪ್ಪಣ್ಣನಿಂದ. ಈ ಊರಿನ ಸನಾದಿ ಅಪ್ಪಣ್ಣನ ಬಾಳನ್ನು ಬೀಳಗಿಯವರೇ ಆದ ಕೃಷ್ಣಮೂರ್ತಿ ಪುರಾಣಿಕರು ಕಾದಂಬರಿ ಮಾಡಿದರು. 1977ರಲ್ಲಿ ಅದು ಸಿನಿಮಾ ಆಯಿತು. ರಾಜ್‌ಕುಮಾರ್ ಅಪ್ಪಣ್ಣನಾದರು, ತೆರೆಯ ಮೇಲಿನ ಅವರ ಸನಾದಿಗೆ ಉಸಿರು ಕೊಟ್ಟವರು ಕಾಶಿಯ ಉಸ್ತಾದ್ ಬಿಸ್ಮಿಲ್ಲಾ ಖಾನ್. ಹಿಂದಿ ಸಿನಿಮಾದ ಹಿನ್ನೆಲೆ ಗಾಯನದಲ್ಲಿ ಹೆಸರು ಮಾಡಿದ, 1943ರ ‘ಕಿಸ್ಮತ್’ನಿಂದ ದೇಶದ ತುಂಬ ಮನೆಮಾತಾದ ಅಮೀರ್‌ಬಾಯಿ ಕರ್ನಾಟಕಿ ಹುಟ್ಟಿದ್ದೂ ಇದೇ ಬೀಳಗಿಯಲ್ಲಿ. ಉತ್ತರದ ರಾಗ ತಾಳ ಇಲ್ಲಿಗೆ ಬಂದದ್ದಷ್ಟೇ ಅಲ್ಲ, ಇಲ್ಲಿಯ ದನಿಯೂ ಉತ್ತರಕ್ಕೆ ಹೋಗಿ ನಿಂತಿದೆ. ಕಾಶಿಯ ಶಹನಾಯಿಗೆ ಜೊತೆ ಕೊಡುವುದು ಕೂತು ನುಡಿಸುವ ಖುರ್ದಕ್ ಎಂಬ ಪುಟ್ಟ ಜೋಡಿ ವಾದ್ಯ. ಇಲ್ಲಿಯ ಸನಾದಿಗೆ ಜೊತೆ ಕರಡಿ, ಕೆಲವು ಕಡೆ ಗೋಂಧಳಿಗರ ಸಂಬಾಳ. ಸಂಬಾಳವೂ ಜೋಡಿ ವಾದ್ಯವೇ, ಒಂದರ ದನಿ ಎತ್ತರ, ಇನ್ನೊಂದರದು ತಗ್ಗು. ಸೊಂಟಕ್ಕೆ ಕಟ್ಟಿಕೊಂಡು ಕೋಲಿನಿಂದ ಬಾರಿಸುತ್ತ ನಡೆಯುತ್ತಾರೆ. ತಬಲಾ ಎದ್ದು ನಡೆದರೆ ಹೇಗೆ ಕೇಳಬಹುದೋ ಸಂಬಾಳ ಹಾಗೆ ಕೇಳುತ್ತದೆ.

ಮುಧೋಳದ ಕಡೆ ತಾಳದ ಋತು ಲಗ್ನಸರಾಯಿ. ಕಬ್ಬು ಕಾರ್ಖಾನೆಗೆ ಹೋಗಿ, ಕೈಯಲ್ಲಿ ನಾಲ್ಕು ಕಾಸು ಆಡುವ ಹೊತ್ತು. ಬ್ಯಾಂಡ್ ಕಂಪನಿಯವರ ಟೆಂಪೊ ಬೆಳಗಿನ ಜಾವವೇ ಮದುವೆ ಮನೆಯ ಮುಂದೆ ಬಂದು ನಿಲ್ಲುತ್ತದೆ. ಭುಜಕ್ಕೆ ಜರಿಪಟ್ಟಿ ಹಚ್ಚಿದ ಕೆಂಪು ಕೋಟು, ತಲೆಗೆ ಟೊಪ್ಪಿಗೆ, ಕಾಲಿಗೆ ಹವಾಯಿ ಚಪ್ಪಲಿ. ಚಹಾ ಕುಡಿಯುತ್ತಲೇ ಕ್ಲಾರಿಯೊನೆಟ್ಟಿನವನು ರೀಡು ನಾಲಿಗೆಗೆ ಹಚ್ಚಿ ಹಸಿ ಮಾಡುತ್ತಾನೆ, ಡ್ರಮ್ಮಿನವನು ಕೀಲಿ ತಿರುವಿ ಮುಖ ಬಿಗಿಯುತ್ತಾನೆ. ಬೀಗರು ಊರ ಬಾಗಿಲಿಗೆ ಬಂದಿದ್ದಾರೆ, ಅವರನ್ನು ಎದುರುಗೊಳ್ಳಬೇಕು. ಬ್ಯಾಂಡು ಹೊರಡುತ್ತದೆ. ಸಿನಿಮಾ ಹಾಡು ಯಾವುದೇ ಇರಲಿ, ಅಡಿಯಲ್ಲಿ ಹೆಚ್ಚಾಗಿ ಕೆಹರವಾ. ಧಾ ಗೆ ನ ತಿ ನ ಕ ಧಿ ನ. ಹಾಡಿನ ಚರಣ ಮುಗಿದು ಪಲ್ಲವಿಗೆ ಮರಳುವ ನಡುವಿನ ಸಂದಿಯಲ್ಲಿ ಸೈಡ್ ಡ್ರಮ್ಮಿನವನಿಗೆ ತನ್ನ ಜಾಗ ಸಿಗುತ್ತದೆ. ಠುಮ್ರಿಯ ಕೊನೆಯಲ್ಲಿ ತಬಲಾದವರು ಹಚ್ಚುವ ಲಗ್ಗಿಯ ಹಾಗೆ ಚಿಕ್ಕ ಚಿಕ್ಕ ತುಣುಕುಗಳನ್ನು ಪೋಣಿಸಿ, ಒಂದು ಉಠಾವ್ ಕೊಟ್ಟು, ಸಮ್ಮಿಗೆ ಹಾಡನ್ನು ಕ್ಲಾರಿಯೊನೆಟ್ಟಿನ ಕೈಗೆ ಒಪ್ಪಿಸುತ್ತಾನೆ. ಮದುಮಗನ ಗೆಳೆಯರು ನೋಟು ಸುಳಿದು ಡ್ರಮ್ಮಿನವನ ಕಿಸೆಗೆ ತುರುಕುತ್ತಾರೆ. ಅವನ ಲಕ್ಷ್ಯ ನೋಟಿನ ಮೇಲಿಲ್ಲ, ತಪ್ಪದೆ ಕೂತ ಸಮ್ಮಿನ ಮೇಲಿದೆ.

ಅಕ್ಕಿಕಾಳು ಬೀಳುವ ಗಳಿಗೆ ಬಂತೆಂದರೆ ಹಾಡು ನಿಲ್ಲುತ್ತದೆ. ಅಯ್ಯನವರ ಮಂತ್ರ ಮುಗಿಯುವುದನ್ನು ಎಲ್ಲ ಡ್ರಮ್ಮಿನವರೂ ಕೋಲೆತ್ತಿ ಕಾಯುತ್ತಾರೆ. ಕೊನೆಯ ಸೊಲ್ಲು ಮುಗಿದ ಕೂಡಲೇ ಧಿರಧಿರ ಕಿಟತಕ ಎಂದು ಹರಿಯುವ ರೇಲಾ. ಅಕ್ಕಿ, ಹೂವು, ಕೂಗು, ಡ್ರಮ್ಮು ಎಲ್ಲ ಕೂಡಿ ಚಪ್ಪರ ನಡುಗುತ್ತದೆ. ಇಬ್ಬರ ಬಾಳು ಕೂಡಿತೆಂದು ಊರಿಗೆ ಸಾರುವ ಕೆಲಸವನ್ನು ಆ ಅರ್ಧ ನಿಮಿಷದಲ್ಲಿ ತಾಳ ಮಾಡುತ್ತದೆ.

ಮದುವೆಯಿಲ್ಲದ ತಿಂಗಳಲ್ಲೂ ಬೀದಿ ಸುಮ್ಮನಿರುವುದಿಲ್ಲ. ಮೊಹರಮ್ಮಿಗೆ ಅಲಾಯಿ ಕುಣಿಯ ಸುತ್ತ ಹೆಜ್ಜೆ ಮೇಳ. ಹಿಂದೂ, ಮುಸ್ಲಿಮ್ ಹುಡುಗರು ಕೈಯಲ್ಲಿ ವಸ್ತ್ರ ಹಿಡಿದು ಸಾಲಾಗಿ ಕುಣಿಯುತ್ತಾರೆ, ಹಲಗಿ, ತಾಶಾ ಹೆಜ್ಜೆ ನಡೆಸುತ್ತವೆ. ಹೋಳಿಯಲ್ಲಿ ಕಾಮಣ್ಣನ ಮುಂದೆ ಹಲಗಿಗಳದೇ ರಾಜ್ಯ. ವಿಜಯದಶಮಿಯ ಸುಮಾರಿಗೆ ಆರೆಸ್ಸೆಸ್ಸಿನ ಪಥಸಂಚಲನದಲ್ಲಿ ಘೋಷ್ ಬರುತ್ತದೆ. ಅಲ್ಲಿ ಸೈಡ್ ಡ್ರಮ್ಮಿನ ಹೆಸರು ಆನಕ, ಬೇಸ್ ಡ್ರಮ್ ಪಣವ, ಬ್ಯೂಗಲ್ ಶಂಖ. ನುಡಿಸುವ ರಚನೆಗಳು ಭಾರತೀಯ ರಾಗ ತಾಳಗಳ ಮೇಲೆ ಕಟ್ಟಿದಂಥವು. ಗಣಪತಿ ಕಳಿಸುವ ದಿನ ಝಾಂಜ್ ಪಥಕ. ಮೆರವಣಿಗೆ ಯಾರದೇ ಆಗಲಿ, ದೇವರು ಯಾವುದೇ ಆಗಲಿ, ಹೆಜ್ಜೆಯ ಅಡಿಯಲ್ಲಿ ಓಡುವ ಎಂಟು ಮಾತ್ರೆ ಒಂದೇ. ಈ ಸೀಮೆಯ ಎಲ್ಲ ಜಾತಿ, ಮತದವರ ಕೈ ಪಳಗಿರುವುದು ಅದೇ ಲಯದಲ್ಲಿ. ಅದು ಇವರೆಲ್ಲರಿಗೂ ಸೇರಿದ ಆಸ್ತಿ.

ರಬಕವಿ-ಬನಹಟ್ಟಿಗೆ ಬಂದರೆ ತಾಳಕ್ಕೆ ಎದುರಾಳಿ ಇದೆ. ರಬಕವಿ, ಬನಹಟ್ಟಿ, ರಾಂಪುರ, ಹೊಸೂರಿನ ಓಣಿಗಳಲ್ಲಿ ಪಾವರ್‌ಲೂಮಿನ ಖಟಕ್ ಖಟಕ್ ಎಂಬ ಸದ್ದು ಬಾಗಿಲು ದಾಟಿ ಹೊರಗೆ ಬರುತ್ತದೆ. ಸೀರೆ ನೇಯುವ ಮನೆಗಳಲ್ಲಿ ಕೂಸು ತೊಟ್ಟಿಲಲ್ಲಿ ಮಲಗುವುದೂ ಈ ಸದ್ದಿನಲ್ಲೇ. ಹಗಲೆಲ್ಲ ಮಗ್ಗದ ಮುಂದೆ ನಿಂತ ಹುಡುಗರು ರಾತ್ರಿ ಊಟ ಮುಗಿಸಿ ಗುಡಿಯ ಕಟ್ಟೆಗೆ ಬರುತ್ತಾರೆ. ಗಣಪತಿ ಹಬ್ಬಕ್ಕೆ ತಾಲೀಮು ನಡೆದಿದೆ. ಢೋಲಿನವರು ಅರ್ಧ ಸುತ್ತು ಕಟ್ಟಿ ನಿಂತಿದ್ದಾರೆ, ನಡುವೆ ತಾಶಾದವರು. ಲೋಹದ ಬಟ್ಟಲಿಗೆ ಮುಖ ಬಿಗಿದ ತಾಶಾ ಕೊರಳಿಗೆ ತೂಗುತ್ತದೆ. ಎರಡು ತೆಳ್ಳನೆಯ ಕೋಲು ಅದರ ಮೇಲೆ ಓಡುವಾಗ ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಮಾತ್ರ ಸಿಗುತ್ತವೆ. ಢೋಲು ಠೇಕಾ ಬಿಡುವುದಿಲ್ಲ. ತಾಶಾ ಅದರ ಮೇಲೆ ತನಗೆ ಬೇಕಾದಂತೆ ಓಡಾಡುತ್ತದೆ. ಮುಂದಾಳು ಹುಡುಗಿ ಕೈ ಮೇಲೆತ್ತಿ ಬೆರಳು ಮಡಚಿ ಸನ್ನೆ ಮಾಡಿದಳೆಂದರೆ ಇಡೀ ಪಥಕ ಬೇರೆ ಚಾಲಿಗೆ ಹೊರಳುತ್ತದೆ. ಹೌದು, ಮುಂದಾಳು ಹುಡುಗಿ. ಒಂದು ಕಾಲಕ್ಕೆ ಗಂಡಸರ ಹೆಗಲಿಗೆ ಮಾತ್ರ ಏರುತ್ತಿದ್ದ ಢೋಲು ಈಗ ಕಾಲೇಜಿನ ಹೆಣ್ಣುಮಕ್ಕಳ ಸೊಂಟಕ್ಕೂ ಬಂದಿದೆ. ತಾಯಂದಿರು ಕಟ್ಟೆಯ ಮೇಲೆ ಕೂತು ನೋಡುತ್ತಾರೆ.

“ಕೈ ನೋವು ಆಗಂಗಿಲ್ಲೇನವಾ?” ಎಂದು ಒಬ್ಬ ಅಜ್ಜಿ ಕೇಳುತ್ತಾಳೆ.

“ಮೊದಮೊದಲ ಬೊಬ್ಬಿ ಬಂದಿದ್ದೂ ಅಮ್ಮಾ. ಈಗ ಗಟ್ಟಿ ಆಗ್ಯಾವ,” ಎಂದು ಹುಡುಗಿ ಅಂಗೈ ತೋರಿಸುತ್ತಾಳೆ. ಬೆರಳ ಬುಡದಲ್ಲಿ ಸಾಲಾಗಿ ಗಂಟುಗಟ್ಟಿದ ಚರ್ಮ. ಅಜ್ಜಿ ಅದನ್ನು ಹೆಬ್ಬೆರಳಿನಿಂದ ಸವರುತ್ತಾಳೆ.

ಆಚೆ ಬದಿಗೆ ಹಲಗಿಯವರು ಕಾಗದ, ಹುಲ್ಲು ಒಟ್ಟಿ ಉರಿ ಮಾಡಿದ್ದಾರೆ. ಮಳೆಗಾಲದ ತಂಪಿಗೆ ಚರ್ಮ ಸಡಿಲವಾಗಿ ದನಿ ಕೂತಿದೆ. ಉರಿಯ ಮೇಲೆ ಹಲಗಿಯನ್ನು ತಿರುಗಿಸಿ ತಿರುಗಿಸಿ ಹಿಡಿದು, ನಡುನಡುವೆ ಬೆರಳಿನಿಂದ ತಟ್ಟಿ ಕೇಳುತ್ತಾರೆ. ಮಂದವಾಗಿದ್ದ ದನಿ ಮೆಲ್ಲನೆ ಏರಿ ಟಣ್ ಎಂದಾಗ ಸರಿಯಾಯಿತು. ಪ್ಲಾಸ್ಟಿಕ್ ಮುಖದ ಡ್ರಮ್ಮಿಗೆ ಈ ಕಷ್ಟವಿಲ್ಲ, ಮಳೆಯಲ್ಲೂ ಅದೇ ದನಿ. ಆದರೆ ಉರಿಯ ಮುಂದೆ ಕೂತು ಚರ್ಮದ ದನಿ ಏರುವುದನ್ನು ಕಾಯುವಾಗ ಹುಡುಗರ ಕಿವಿ ಸೂಕ್ಷ್ಮವಾಗುತ್ತದೆ. ಅದು ಕೀಲಿ ತಿರುವಿ ಬರುವ ವಿದ್ಯೆಯಲ್ಲ.

ಬನಹಟ್ಟಿಯ ಕಾಡಸಿದ್ಧೇಶ್ವರ, ಮಹಾಲಿಂಗಪುರದ ಮಹಾಲಿಂಗೇಶ್ವರ ಜಾತ್ರೆಗಳಲ್ಲಿ ತೇರಿನ ಮುಂದೆ ಈ ಎಲ್ಲ ವಾದ್ಯಗಳನ್ನೂ ಕೇಳಬಹುದು. ಕರಡಿ, ಸನಾದಿ ಮೇಳಗಳು ಒಂದರ ಹಿಂದೆ ಒಂದು ಬರುತ್ತವೆ. ಎರಡು ಮೇಳ ಮುಖಾಮುಖಿಯಾದರೆ ಸವಾಲು ಜವಾಬು ಶುರು. ಒಂದು ಮೇಳದವರು ಒಂದು ತುಣುಕು ಎಸೆಯುತ್ತಾರೆ, ಇನ್ನೊಂದು ಮೇಳದವರು ಅದನ್ನು ಹಾಗೆಯೇ ಹಿಡಿದು, ಬಾಲಕ್ಕೆ ಹೊಸದೊಂದು ಸೇರಿಸಿ ತಿರುಗಿ ಕೊಡುತ್ತಾರೆ. ಹಿರಿಯರು ತಲೆದೂಗುತ್ತಾರೆ, ಹುಡುಗರು ಕಾಯಿ, ಉತ್ತತ್ತಿ ತೇರಿಗೆ ತೂರುವುದನ್ನೂ ಮರೆತು ನಿಲ್ಲುತ್ತಾರೆ. ಗುರು ಕಲಿಸಿದ್ದು ಎಷ್ಟು, ಎದುರಾಳಿಯಿಂದ ಕಲಿತದ್ದು ಎಷ್ಟು ಎಂಬ ಲೆಕ್ಕ ಇಲ್ಲಿ ಸಿಗುವುದಿಲ್ಲ. ಜಾತ್ರೆಯ ಬೀದಿಯೇ ಪರೀಕ್ಷೆಯ ಕೋಣೆ, ನೆರೆದ ಜನವೇ ಪರೀಕ್ಷಕರು.

ಪಡುವಣದ ವಾದ್ಯಕ್ಕೆ ನಮ್ಮ ಸಂಗೀತ ಒಗ್ಗೀತೇ ಎಂಬ ಪ್ರಶ್ನೆ ಹಳೆಯದು, ಉತ್ತರವೂ ಹಳೆಯದೇ. ಮೈಸೂರು ಅರಮನೆಯ ಬ್ಯಾಂಡಿನ ಪರಂಪರೆಯಲ್ಲಿ ಬಂದ ಪೊಲೀಸ್ ಬ್ಯಾಂಡು ದಸರೆಯಲ್ಲಿ ಕರ್ನಾಟಕ ಸಂಗೀತದ ಕೃತಿಗಳನ್ನು ನುಡಿಸುವುದನ್ನು ಕೇಳಿದವರಿಗೆ ಅನುಮಾನ ಉಳಿಯುವುದಿಲ್ಲ. ಮಧ್ಯ ಭಾರತದ ಮೈಹರ್ ಸಂಸ್ಥಾನದಲ್ಲಿ ಉಸ್ತಾದ್ ಅಲ್ಲಾವುದ್ದೀನ್ ಖಾನರು ಕಳೆದ ಶತಮಾನದ ಮೊದಲ ಭಾಗದಲ್ಲಿ ಅನಾಥ ಮಕ್ಕಳನ್ನು ಕೂಡಿಸಿ ಬ್ಯಾಂಡ್ ಕಟ್ಟಿದರು. ದೇಶಿ ವಾದ್ಯ, ವಿದೇಶಿ ವಾದ್ಯ ಎರಡನ್ನೂ ಸೇರಿಸಿದರು, ಬಂದೂಕಿನ ನಳಿಗೆಗಳನ್ನು ಕತ್ತರಿಸಿ ನಳತರಂಗ ಮಾಡಿದರು. ರವಿಶಂಕರ್, ಅಲಿ ಅಕ್ಬರ್ ಖಾನರನ್ನು ರೂಪಿಸಿದ ಗುರು ಆ ಮಕ್ಕಳಿಗೂ ರಾಗ, ತಾಳ ಹೇಳಿಕೊಟ್ಟರು. ದೊಡ್ಡ ಗುರು ಬ್ಯಾಂಡಿನ ಮಕ್ಕಳನ್ನು ಕೀಳಾಗಿ ಕಾಣಲಿಲ್ಲ. ನಾವೂ ಕಾಣಬಾರದು.

ಆದರೆ ಕಾಣುತ್ತಿದ್ದೇವೆ. ತಬಲಾ ಬೈಠಕ್ಕಿನಲ್ಲಿ ಕಲಾವಿದನಿಗೆ ಶಾಲು ಹೊದಿಸುವ ನಾವು, ಅದೇ ಕಾಯದಾವನ್ನು ಬಿಸಿಲಿನಲ್ಲಿ ನಡೆಯುತ್ತ ನುಡಿಸಿದವನಿಗೆ ಹಿಂದಿನ ಬಾಗಿಲಲ್ಲಿ ಊಟ ಹಾಕಿ ಕಳಿಸುತ್ತೇವೆ. ಹಲಗಿ, ಸನಾದಿ ನುಡಿಸುವ ಮನೆತನಗಳಿಗೆ ಜಾತಿಯ ಕಾರಣಕ್ಕೆ ಊರು ತೋರಿದ ತಾತ್ಸಾರ ಇನ್ನೂ ಪೂರ್ತಿ ಹೋಗಿಲ್ಲ. ಅದರ ಮೇಲೆ ಈಗ ಡಿಜೆ ಬಂದಿದೆ. ಟ್ರ್ಯಾಕ್ಟರಿನ ಮೇಲೆ ಪೆಟ್ಟಿಗೆ ಪೇರಿಸಿ ಹಚ್ಚಿದ ಸದ್ದಿಗೆ ಕಿಟಕಿಯ ಗಾಜು ನಡುಗುತ್ತದೆ, ಮುದುಕರ ಎದೆ ನಡುಗುತ್ತದೆ. ಅದರ ಹಿಂದೆ ಕುಣಿಯುವ ಹುಡುಗನಿಗೆ ಕಲಿಯಲು ಏನೂ ಸಿಗುವುದಿಲ್ಲ. ಖಾಲಿ ಇಲ್ಲದ, ಸಮ್ಮಿಗಾಗಿ ಕಾಯಿಸದ ಸದ್ದು ಅದು. ಮೇಳದವರ ಮಕ್ಕಳು ವಾದ್ಯ ಗೂಟಕ್ಕೆ ತೂಗುಹಾಕಿ ದುಡಿಯಲು ಬೇರೆ ಊರು ಹಿಡಿದರೆ ಅವರನ್ನು ದೂರುವ ಹಕ್ಕು ನಮಗಿಲ್ಲ. ಕರೆದು, ಕೂಡಿಸಿ, ಮರ್ಯಾದೆಯ ಸಂಭಾವನೆ ಕೊಡದವರು ನಾವು.

ಮಾಡಬೇಕಾದ್ದು ದೊಡ್ಡದೇನೂ ಅಲ್ಲ. ಎಷ್ಟೋ ಶಾಲೆಗಳಲ್ಲಿ ಬ್ಯಾಂಡ್ ಸೆಟ್ಟು ಇದೆ. ಆಗಸ್ಟ್ 15, ಜನವರಿ 26 ಮುಗಿದ ಮೇಲೆ ಅದು ಕಪಾಟು ಸೇರುತ್ತದೆ. ಅದನ್ನು ವಾರಕ್ಕೊಮ್ಮೆ ಹೊರಗೆ ತೆಗೆಯಿರಿ. ಊರಿನಲ್ಲಿ ಭಜನೆಗೆ ತಬಲಾ ನುಡಿಸುವವರು ಇದ್ದೇ ಇರುತ್ತಾರೆ, ಅವರನ್ನು ಶಾಲೆಗೆ ಕರೆಯಿರಿ. ಕರಡಿಯವರನ್ನು, ಹಲಗಿಯವರನ್ನು ಮಕ್ಕಳ ಮುಂದೆ ಕುರ್ಚಿ ಹಾಕಿ ಕೂಡಿಸಿ, ಗುರುಗಳೇ ಎಂದು ಕರೆಯಿರಿ. ತಬಲಾಕ್ಕೆ ಜೂನಿಯರ್, ಸೀನಿಯರ್ ಪರೀಕ್ಷೆಗಳಿವೆ, ಗಾಂಧರ್ವ ಮಹಾವಿದ್ಯಾಲಯ ಮಂಡಳದ ಪ್ರಾರಂಭಿಕದಿಂದ ವಿಶಾರದದವರೆಗೆ ಮೆಟ್ಟಿಲುಗಳಿವೆ. ಬೋಲು ಬಲ್ಲ ಬ್ಯಾಂಡಿನ ಮಗುವಿಗೆ ಆ ಮೆಟ್ಟಿಲು ಹತ್ತುವುದು ಕಷ್ಟವಾಗದು. ಜಾತ್ರಾ ಕಮಿಟಿಯ ಹಿರಿಯರೇ, ಮದುವೆ ಮನೆಯ ಯಜಮಾನರೇ, ಗಣಪತಿ ಮಂಡಳಿಯ ಹುಡುಗರೇ, ಈ ವರ್ಷ ಡಿಜೆಗೆ ಎತ್ತಿಟ್ಟ ರೊಕ್ಕದಲ್ಲಿ ಒಂದು ಕರಡಿ ಮೇಳವನ್ನೋ, ಒಂದು ಬ್ಯಾಂಡ್ ಕಂಪನಿಯನ್ನೋ, ನಿಮ್ಮೂರ ಶಾಲೆಯ ಮಕ್ಕಳ ಡ್ರಮ್ ತಂಡವನ್ನೋ ಕರೆಸಿರಿ. ಊಟ ನಿಮ್ಮ ಪಂಕ್ತಿಯಲ್ಲೇ ಹಾಕಿರಿ, ಪಗಾರ ಅದೇ ದಿನ ಕೈಗೆ ಕೊಡಿರಿ.